ಗುಡ್ಡದ ಬುಡದ ಕಪ್ಪು ಕೆಸರು

ಕಾರವಾರದ ಬಳಿಯ ನಮ್ಮ ಕದ್ವಾಡದಲ್ಲಿ ಕೆಸರು ಎರಡು ಬಗೆ. ಒಂದು ಕಾಳಿ ನದಿಯದು, ಇನ್ನೊಂದು ಗುಡ್ಡದ್ದು. ಹೊಳೆಬದಿಯದು ಬೂದು ಬಣ್ಣದ ಜೇಡಿ. ಉಬ್ಬರದ ಜೊತೆ ಉಪ್ಪುನೀರು ಏರಿ ಇಳಿಯುವ ಜಾಗ ಅದು, ಬಿಸಿಲಿಗೆ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ. ಗುಡ್ಡದ ಬುಡದ್ದು ಕಪ್ಪು. ಉಪ್ಪಿಲ್ಲ. ಮೇಲಿನ ಚಿರೇಕಲ್ಲಿನ ಬೋಳು ನೆಲ ಕಾದು ಕೆಂಪಾಗಿರುವ ಏಪ್ರಿಲ್‌ನಲ್ಲೂ ಇಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ. ಎಳೆದುಕೊಂಡರೆ ಕಾಲು ಬರುತ್ತದೆ, ಚಪ್ಪಲಿ ಬರುವುದಿಲ್ಲ. ನಮ್ಮ ಮನೆತನದ ಗದ್ದೆಯ ಮೇಲ್ತುದಿ ಇಂಥದೇ ಒಂದು ಜಡ್ಡಿಗೆ, ಅಂದರೆ ಸಿಹಿನೀರಿನ ಜೌಗಿಗೆ, ತಾಗಿಕೊಂಡಿರುವುದರಿಂದ ಈ ಕಪ್ಪು ಮಣ್ಣಿನ ಜೊತೆ ಏಗುವುದು ಚಿಕ್ಕಂದಿನಿಂದಲೂ ನನ್ನ ಪಾಲಿಗೆ ಬಂದ ಕೆಲಸ.

ಕಪ್ಪು ಮಣ್ಣು ಕಂಡವರಿಗೆಲ್ಲ ಮೊದಲು ಹೊಳೆಯುವುದು ‘ಎಷ್ಟು ಫಲವತ್ತು!’ ಎಂದೇ. ಆದರೆ ಆ ಕಪ್ಪು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಕಾರವಾರಕ್ಕೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಉಳಿದ ಕಾಲ ಬಿಸಿಲು, ಸೆಕೆ. ಇಂಥ ಹವೆಯಲ್ಲಿ ಬಿದ್ದ ಎಲೆ ಬಹಳ ದಿನ ಉಳಿಯುವುದಿಲ್ಲ, ಕೊಳೆತು ಗಾಳಿಗೆ ಸೇರಿಬಿಡುತ್ತದೆ. ಕರಾವಳಿಯ ಕೆಂಪುಮಣ್ಣಿನಲ್ಲಿ ಸಾವಯವ ಅಂಶ ನಿಲ್ಲದಿರುವುದು ಇದೇ ಕಾರಣಕ್ಕೆ. ಅದು ನಿಲ್ಲಬೇಕಾದರೆ ನೆಲ ವರ್ಷವಿಡೀ ನೀರಿನಲ್ಲಿ ಅದ್ದಿಕೊಂಡಿರಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಉಸಿರು ಕಟ್ಟಿದ ಕೆಸರಿನಲ್ಲಿ ಎಲೆ, ಕಡ್ಡಿ, ಬೇರು ಅರೆಕೊಳೆತು ಅಲ್ಲೇ ಪದರವಾಗುತ್ತವೆ. ಇಲ್ಲಿ ಆ ನೀರನ್ನು ಒದಗಿಸುವುದು ಮೇಲಿನ ಗುಡ್ಡ. ತೂತುತೂತಾದ ಚಿರೇಕಲ್ಲು ಮಳೆಗಾಲದಲ್ಲಿ ಕುಡಿದದ್ದನ್ನು ಬೇಸಗೆಯಲ್ಲಿ ಒರತೆಯಾಗಿ ಬುಡದಲ್ಲಿ ಬಿಡುತ್ತದೆ. ಒರತೆ ಬತ್ತದ ಜಾಗದಲ್ಲಷ್ಟೇ ಕಪ್ಪು ಕೆಸರು. ನಾಲ್ಕು ಮಾರು ಆಚೆ ಒರತೆ ಇಲ್ಲದಿದ್ದರೆ ಅದೇ ಕೆಂಪುಮಣ್ಣು.

ಕೃಷಿ ಪುಸ್ತಕಗಳು ಇಂಥ ಮಣ್ಣನ್ನು ಎರಡಾಗಿ ನೋಡುತ್ತವೆ. ನಾರು, ಎಲೆ, ಬೇರು ಇನ್ನೂ ಗುರುತು ಸಿಗುವಂತಿದ್ದರೆ ಪೀಟ್. ಕೊಳೆತು ಕೊಳೆತು ಗುರುತೇ ಅಳಿಸಿಹೋಗಿದ್ದರೆ ಮಕ್. ಬೆರಳಲ್ಲಿ ಉಜ್ಜಿದ ಮೇಲೆ ಆರನೇ ಒಂದು ಪಾಲಿಗಿಂತ ಕಡಿಮೆ ನಾರು ಉಳಿದರೆ ಅದು ಮಕ್ ಸಾಲಿನದು. ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ಎಂಬ ಭೂವಿಜ್ಞಾನಿ ನೂರು ವರ್ಷಗಳ ಹಿಂದೆ ಇದಕ್ಕೊಂದು ಸುಲಭದ ಪರೀಕ್ಷೆ ಕೊಟ್ಟ. ಹಸಿ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಬೇಕು. ತಿಳಿನೀರು ಬಂದರೆ ಒಂದನೇ ದರ್ಜೆ. ಮುಷ್ಟಿಯಲ್ಲಿ ಏನೂ ಉಳಿಯದೆ ಎಲ್ಲವೂ ಬೆರಳ ಸಂದಿಯಿಂದ ಜಾರಿಹೋದರೆ ಹತ್ತನೇ ದರ್ಜೆ. ಯಂತ್ರ ಬೇಡ, ಪ್ರಯೋಗಾಲಯ ಬೇಡ. ನಮ್ಮ ಜಡ್ಡಿಯ ಮೇಲ್ಪದರ ಬಹುತೇಕ ಜಾರಿಹೋಗುತ್ತದೆ. ಹಾಗೆಂದು ಅದನ್ನು ಆಳವಾದ ಮಕ್ ಎಂದು ಕರೆದರೆ ಅತಿಯಾದೀತು. ವರ್ಗೀಕರಣದ ಲೆಕ್ಕಕ್ಕೆ ಸಾವಯವ ಪದರ ಸಾಮಾನ್ಯವಾಗಿ 40 ಸೆಂಟಿಮೀಟರಾದರೂ ದಪ್ಪ ಇರಬೇಕು. ನಮ್ಮಲ್ಲಿ ಒಂದು ಗೇಣು ಕಪ್ಪು ಸಿಕ್ಕುವಷ್ಟರಲ್ಲಿ ಕೆಲವೆಡೆ ಬೂದು ಜೇಡಿ, ಕೆಲವೆಡೆ ಜಂಬಿಟ್ಟಿಗೆಯ ಹರಳು ತಾಗುತ್ತದೆ. ಗುದ್ದಲಿ ಹಾಕಿ ನೋಡದೆ ಮೇಲಿನ ಬಣ್ಣ ನಂಬಬಾರದು ಎಂಬುದು ಈ ಮಣ್ಣು ಕಲಿಸಿದ ಮೊದಲ ಪಾಠ.

ಇದೇ ಜಿಲ್ಲೆಯಲ್ಲಿ ಜಡ್ಡಿಯ ನಿಜವಾದ ವೈಭವ ನೋಡಬೇಕಾದರೆ ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಹೋಗಬೇಕು. ರಾಂಪತ್ರೆ, ಜಾಯಿಕಾಯಿಯ ಬಳಗದ ಮರಗಳು ಸಿಹಿನೀರಿನ ಕೆಸರಿನಲ್ಲೇ ಬೇರೂರಿ ನಿಂತ ಕಾಡು ಅದು. ಇಂಥ ಜೌಗುಕಾಡನ್ನು ವಿಜ್ಞಾನಿಗಳ ಗಮನಕ್ಕೆ ತಂದವರು ಕೃಷ್ಣಮೂರ್ತಿ. 1960ರಲ್ಲಿ, ಹಿಂದಿನ ತಿರುವಾಂಕೂರಿನ ಕಡೆಯಿಂದ. ಉತ್ತರ ಕನ್ನಡದ ಜಡ್ಡಿಗಳನ್ನು ಹುಡುಕಿ ದಾಖಲಿಸಿದ್ದರಲ್ಲಿ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರ ಶ್ರಮ ದೊಡ್ಡದು. ಗೇರಿನ ಕುಟುಂಬದ ಹೊಸ ಮರವೊಂದು 2000ರಲ್ಲಿ ಕತ್ತಲೆಕಾನಿನ ಹೆಸರನ್ನೇ ಹೊತ್ತು ಸಸ್ಯಶಾಸ್ತ್ರದ ಪಟ್ಟಿ ಸೇರಿತು. ಅಲ್ಲಿ ನೆಲ ನೋಡುತ್ತ ನಡೆದರೆ ಮಣ್ಣಿನ ಗುಣ ಮರಗಳ ಮೈಮೇಲೆಯೇ ಬರೆದಿರುವುದು ಕಾಣುತ್ತದೆ. ಕೆಲವು ಮರಗಳ ಬೇರು ಕೆಸರಿನಿಂದ ಮೇಲೆದ್ದು ಮಂಡಿ ಮಡಚಿ ಮತ್ತೆ ಕೆಸರಿಗೆ ಇಳಿಯುತ್ತದೆ. ಗಾಳಿ ತೆಗೆದುಕೊಳ್ಳುವ ದಾರಿ ಅದು. ಇನ್ನು ಕೆಲವಕ್ಕೆ ಬುಡದ ಸುತ್ತ ಊರುಗೋಲಿನ ಬೇರುಗಳು. ನೆಲ ಭಾರ ಹೊರುವುದಿಲ್ಲ, ಅದಕ್ಕೇ ಹತ್ತು ಕಡೆ ಊರಿಕೊಳ್ಳಬೇಕು. ಹಿಂದೆ ಇಂಥ ಅನೇಕ ಜಡ್ಡಿಗಳು ಅಡಿಕೆ ತೋಟವಾದವು, ಭತ್ತದ ಗದ್ದೆಯಾದವು. ಉಳಿದವು ಚೂರುಪಾರು.

ಗದ್ದೆಯಲ್ಲಿ ಈ ಮಣ್ಣನ್ನು ಓದುವುದು ಕಾಲು ಮತ್ತು ಮೂಗಿನಿಂದ. ಹೆಜ್ಜೆಯ ಗುಳಿಯಲ್ಲಿ ಗುಳ್ಳೆ ಏಳುವುದು ಮೀಥೇನ್. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಂಧಕದ ಅನಿಲ. ಆಗ ಭತ್ತದ ಸಸಿಯ ಬೇರು ಕಿತ್ತು ನೋಡಬೇಕು. ಬೇರಿನ ಸುತ್ತ ತುಕ್ಕಿನ ಬಣ್ಣ ಇದ್ದರೆ ಗಿಡ ಬದುಕಿಕೊಳ್ಳುತ್ತದೆ, ಕಾಂಡದೊಳಗಿನಿಂದ ಗಾಳಿಯನ್ನು ಬೇರಿಗೆ ಇಳಿಸುತ್ತಿದೆ ಎಂದರ್ಥ. ಬೇರೇ ಕಪ್ಪಾಗಿದ್ದರೆ ಗೊಬ್ಬರ ಸುರಿದು ಉಪಯೋಗವಿಲ್ಲ, ನಿಂತ ನೀರನ್ನು ಒಂದಷ್ಟು ದಿನ ಬಸಿಯಬೇಕು. ಬದುವಿನ ಬುಡದ ನೀರಿನ ಮೇಲೆ ಡೀಸೆಲ್ ಚೆಲ್ಲಿದಂತೆ ಬಣ್ಣಬಣ್ಣದ ಪೊರೆ ತೇಲುವುದುಂಟು. ಪಂಪ್‌ಸೆಟ್ಟಿನವನನ್ನು ಬೈಯುವ ಮೊದಲು ಕಡ್ಡಿಯಿಂದ ಒಮ್ಮೆ ಮುಟ್ಟಬೇಕು. ಚೂರುಚೂರಾಗಿ ಒಡೆದರೆ ಅದು ಎಣ್ಣೆಯಲ್ಲ, ಕಬ್ಬಿಣವನ್ನು ನೆಚ್ಚಿ ಬದುಕುವ ಬ್ಯಾಕ್ಟೀರಿಯಾಗಳ ಕೆಲಸ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ.

ಮಣ್ಣು ಪರೀಕ್ಷೆಯ ಚೀಟಿ ಇಂಥ ಜಾಗದಲ್ಲಿ ದಾರಿ ತಪ್ಪಿಸಬಲ್ಲದು. ನಮ್ಮಲ್ಲಿ ಸಾವಯವ ಇಂಗಾಲ ಶೇಕಡಾ 0.75 ದಾಟಿದರೆ ‘ಹೆಚ್ಚು’ ಎಂದು ಬರೆದುಬಿಡುತ್ತಾರೆ. ನಿಜವಾದ ಮಕ್‌ನಲ್ಲಿ ಅದು ಶೇಕಡಾ 12ರಿಂದ 18ರ ಆಸುಪಾಸಿನಲ್ಲಿ ಶುರುವಾಗಿ ಮೇಲೇರುತ್ತದೆ. ಎರಡಕ್ಕೂ ಒಂದೇ ಪದ! ಅದನ್ನು ನೋಡಿ ಸಾರಜನಕ ಬೇಕಾದಷ್ಟಿದೆ ಎಂದು ಲೆಕ್ಕ ಹಾಕಿದರೆ ಪೈರು ಹಳದಿಯಾಗುತ್ತದೆ, ಏಕೆಂದರೆ ಗಾಳಿಯಾಡದ ಮಣ್ಣು ತನ್ನಲ್ಲಿರುವುದನ್ನು ಬಿಟ್ಟುಕೊಡುವುದು ಬಹಳ ನಿಧಾನ. ತೂಕದ್ದು ಇನ್ನೊಂದು ತೊಡಕು. ಸಾಮಾನ್ಯ ಗದ್ದೆ ಮಣ್ಣು ಘನ ಸೆಂಟಿಮೀಟರಿಗೆ 1.2ರಿಂದ 1.5 ಗ್ರಾಂ ತೂಗಿದರೆ ಒಣಗಿದ ಮಕ್ 0.2, 0.3 ಗ್ರಾಂ ತೂಗುತ್ತದೆ. ಕಿಲೋ ಲೆಕ್ಕದಲ್ಲಿ ಪೋಷಕಾಂಶ ಧಾರಾಳ ಕಂಡರೂ ಬೇರು ಚಾಚುವ ಜಾಗದ ಲೆಕ್ಕದಲ್ಲಿ ಅಷ್ಟಿರುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಎವರ್‌ಗ್ಲೇಡ್ಸ್ ಜೌಗಿನ ಕಪ್ಪು ಮಣ್ಣನ್ನು ಬಸಿದು ಹೊಲ ಮಾಡಿದವರಿಗೂ ಮೊದಮೊದಲು ಬೆಳೆ ಕೈಹತ್ತಲಿಲ್ಲ. ತಾಮ್ರ, ಮ್ಯಾಂಗನೀಸ್ ಕೊಟ್ಟ ಮೇಲಷ್ಟೇ ಬಂತು. ಸಾವಯವ ಅಂಶ ತಾಮ್ರವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ.

ನೀರು ಬಸಿದರೆ ಏನಾಗುತ್ತದೆ? ಮೊದಲ ಎರಡು ವರ್ಷ ಹಬ್ಬ. ಗಾಳಿ ಹೊಕ್ಕು ನೂರಾರು ವರ್ಷ ಕೂಡಿಟ್ಟ ಎಲೆ ಕೊಳೆಯತೊಡಗುತ್ತದೆ, ಸಾರಜನಕ ಬಿಡುಗಡೆಯಾಗುತ್ತದೆ, ತರಕಾರಿ ಸೊಕ್ಕಿ ಬೆಳೆಯುತ್ತದೆ. ಊರಲ್ಲಿ ಜಡ್ಡಿಯ ನಡುವೆ ಆಳದ ಬಸಿಗಾಲುವೆ ತೋಡಿದ ಕಡೆ ಆದದ್ದು ಇದೇ. ಆಮೇಲೆ ನೆಲ ಇಳಿಯಿತು. ತೆಂಗಿನ ಸಸಿಗಳ ಬೇರಿನ ಗುಡ್ಡೆ ಮೇಲೆ ಕಂಡು ಮರ ಒಂದೊಂದು ದಿಕ್ಕಿಗೆ ವಾಲಿದವು. ಮೇ ತಿಂಗಳಲ್ಲಿ ಒಣಗಿ ಪುಡಿಯಾದ ಮಣ್ಣಿಗೆ ನೀರು ಹಾಯಿಸಿದರೆ ಕುಡಿಯಲೊಲ್ಲದು, ನೀರು ಮೇಲೆಯೇ ಉರುಳಿ ಹೋಗುತ್ತದೆ. ಒಮ್ಮೆ ಪೂರ್ತಿ ಒಣಗಿದ ಮಕ್ ಮೊದಲಿನಂತೆ ನೀರು ಹಿಡಿಯುವುದಿಲ್ಲ. ಅಂಕೋಲಾ ಕಡೆಯ ಹಾಲಕ್ಕಿ ಹಿರಿಯರೊಬ್ಬರು ನಾಟಿಗೆ ಬಂದಾಗ ಆ ಕಾಲುವೆ ನೋಡಿ ಹೇಳಿದ್ದು ಇಷ್ಟೇ: “ತಮಾ, ನೀರ್ ಬಿಟ್ಕೊಟ್ರೆ ಮಣ್ಣೂ ಅದ್ರ ಹಿಂದೇ ಹೋತದೆ.”

ಅವರು ಹೇಳಿದ್ದಕ್ಕೆ ಇಂಗ್ಲೆಂಡಿನ ಹೋಮ್ ಫೆನ್ ಎಂಬಲ್ಲಿ ಕಬ್ಬಿಣದ ಸಾಕ್ಷಿಯಿದೆ. ಅಲ್ಲಿನ ಜೌಗಿನ ನೀರು ಬಸಿದಾಗ, 1851ರ ಸುಮಾರಿಗೆ, ತುದಿ ನೆಲಮಟ್ಟಕ್ಕೆ ಬರುವಂತೆ ಒಂದು ಕಂಬ ಹುಗಿದರು. ಈಗ ಅದು ಸುಮಾರು 4 ಮೀಟರ್ ಹೊರಗೆ ನಿಂತಿದೆ. ಕಂಬ ಬೆಳೆದದ್ದಲ್ಲ. ಎವರ್‌ಗ್ಲೇಡ್ಸ್‌ನ ಬೆಲ್ ಗ್ಲೇಡ್‌ನಲ್ಲಿ 1924ರಲ್ಲಿ ನೆಟ್ಟ ಕಾಂಕ್ರೀಟ್ ಕಂಬದ್ದೂ ಅದೇ ಕಥೆ, ಐದಡಿಗೂ ಹೆಚ್ಚು ಹೊರಬಂದಿದೆ. ಇಂಡೊನೇಷ್ಯಾದ ಕಾಲಿಮಂಟಾನ್‌ನಲ್ಲಿ 1990ರ ದಶಕದ ನಡುವೆ ಹತ್ತು ಲಕ್ಷ ಹೆಕ್ಟೇರ್ ಪೀಟ್ ಜೌಗನ್ನು ಭತ್ತದ ಗದ್ದೆ ಮಾಡಹೊರಟರು. ಕಾಲುವೆ ತೋಡಿದ್ದಾಯಿತು, ಭತ್ತ ಬರಲಿಲ್ಲ. 1997ರ ಬರಗಾಲದಲ್ಲಿ ಒಣಗಿದ ಪೀಟ್ ನೆಲದೊಳಗೇ ಹೊತ್ತಿ ಉರಿದು ಹೊಗೆ ನೆರೆದೇಶಗಳನ್ನೂ ಮುಸುಕಿತು. ಭೂಮಿಯ ನೆಲದಲ್ಲಿ ಶೇಕಡಾ 3ರಷ್ಟು ಮಾತ್ರ ಇರುವ ಇಂಥ ಜೌಗುಗಳು ಮಣ್ಣಿನಲ್ಲಿರುವ ಒಟ್ಟು ಇಂಗಾಲದ ಮೂರನೇ ಒಂದು ಪಾಲನ್ನು ಹಿಡಿದಿಟ್ಟಿವೆ ಎಂಬುದು ನೆನಪಿದ್ದರೆ ಆ ಹೊಗೆಯ ತೂಕ ತಿಳಿಯುತ್ತದೆ.

ಕದ್ವಾಡದಲ್ಲಿ ಈಗಿನ ಕಾಟ ಬಸಿಯುವುದಲ್ಲ, ತುಂಬುವುದು. ಟಿಪ್ಪರ್‌ಗಟ್ಟಲೆ ಕೆಂಪುಮಣ್ಣು ತಂದು ಸುರಿದು ಚಿರೇಕಲ್ಲಿನ ಕಾಂಪೌಂಡ್ ಎಬ್ಬಿಸುತ್ತಾರೆ. ಕಪ್ಪು ಕೆಸರು ಬಹುಪಾಲು ನೀರೇ. ಮೇಲೆ ಭಾರ ಬಿದ್ದರೆ ಆ ನೀರು ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹಿಂಡಿಹೋಗುತ್ತ, ನೆಲ ಒಂದೊಂದು ಕಡೆ ಒಂದೊಂದಷ್ಟು ಕೂರುತ್ತದೆ. ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಡುವುದನ್ನು ನೋಡಿದರೆ ಕೆಳಗೆ ಏನಿದೆ ಎಂದು ಹೇಳಬಹುದು. ಮೇಸ್ತ್ರಿಗಳಿಗೆ ಇದು ಗೊತ್ತಿಲ್ಲದ್ದಲ್ಲ. ಒಳ್ಳೆಯ ಮೇಸ್ತ್ರಿ ಮೊದಲು ಕಬ್ಬಿಣದ ಸರಳು ಇಳಿಸಿ ಗಟ್ಟಿ ನೆಲ ಎಲ್ಲಿ ತಾಗುತ್ತದೆಂದು ನೋಡುತ್ತಾನೆ. ಕಪ್ಪನ್ನು ತೆಗೆಸದೆ ಪಾಯ ಹಾಕುವುದಿಲ್ಲ. ತುಂಬಿದ್ದರಿಂದ ಆಗುವ ಇನ್ನೊಂದು ಕೆಡುಕು ಗೋಡೆಯ ಯಜಮಾನನಿಗೆ ಕಾಣುವುದಿಲ್ಲ. ಒರತೆಯ ಬಾಯಿ ಮುಚ್ಚಿದರೆ ಗುಡ್ಡದ ನೀರು ಬೇರೆ ದಾರಿ ಹುಡುಕುತ್ತದೆ, ಕೆಳಗಿನ ಮನೆಯ ಬಾವಿ ಮಾರ್ಚ್‌ನಲ್ಲೇ ತಳ ಕಾಣುತ್ತದೆ.

ಗುಡ್ಡದೊಳಗಿನ ನೀರು ಎಂಥದೆಂದು ಈ ಊರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. 2009ರ ಅಕ್ಟೋಬರ್ 2ರಂದು ಸುರಿದ ಮಳೆಗೆ ಕದ್ವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಮಂದಿ ಸತ್ತರು. ಕಪ್ಪು ಕೆಸರಿಗೂ ಆ ದುರಂತಕ್ಕೂ ನೇರ ನಂಟು ಕಟ್ಟುವುದು ತಪ್ಪು, ಅಲ್ಲಿ ಜಾರಿದ್ದು ಇಳಿಜಾರಿನ ಮಣ್ಣು. ಆದರೆ ಆಮೇಲೆ ಊರಿನವರು ಒರತೆ ಎಲ್ಲಿ ಹೊಸದಾಗಿ ಹುಟ್ಟಿತು, ಎಲ್ಲಿ ನಿಂತಿತು, ನೀರು ಯಾವಾಗ ರಾಡಿಯಾಯಿತು ಎಂದು ಗಮನಿಸುವುದು ಹೆಚ್ಚಾಯಿತು.

ಕೆಸರಿಗೆ ನೆನಪೂ ಇದೆ. ಮುಷ್ಟಿ ಪರೀಕ್ಷೆಯ ಫಾನ್ ಪೋಸ್ಟ್‌ನೇ 1916ರಲ್ಲಿ, ಜೌಗಿನ ಪದರಪದರದಲ್ಲಿ ಉಳಿದ ಹೂಪರಾಗ ಎಣಿಸಿ ಹಳೆಯ ಕಾಡು ಹೇಗಿತ್ತೆಂದು ಹೇಳುವ ವಿಧಾನವನ್ನು ಜಗತ್ತಿನ ಮುಂದಿಟ್ಟವನು. ಅದೇ ವಿಧಾನ ಕಾರವಾರಕ್ಕೂ ಬಂತು. ಇಲ್ಲಿನ ಕಡಲತಳದಿಂದ ಎತ್ತಿದ ಕೆಸರಿನ ಕೊಳವೆಗಳನ್ನು ಪರೀಕ್ಷಿಸಿದ ಕ್ಲಾಡ್ ಕಾರಾತಿನಿ ಮತ್ತು ಸಂಗಡಿಗರು, ಸುಮಾರು 3500 ವರ್ಷಗಳಿಂದೀಚೆಗೆ ಈ ಸೀಮೆಯ ಹವೆಯಲ್ಲಿ ತೇವ ತಗ್ಗಿದೆ ಎಂದು 1994ರಲ್ಲಿ ಪ್ರಕಟಿಸಿದರು. ಅದಕ್ಕೂ ಒಂದು ವರ್ಷ ಮುಂಚೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ತಂಡ ನೀಲಗಿರಿಯ ಪೀಟ್‌ನಿಂದ ಇಪ್ಪತ್ತು ಸಾವಿರ ವರ್ಷಗಳಷ್ಟು ಹಿಂದಿನ ಹವಾಮಾನ ಓದಿತ್ತು. ಜೆಸಿಬಿ ಒಂದು ಮಧ್ಯಾಹ್ನದಲ್ಲಿ ಅಗೆದು ಹಾಕುವುದು ಇಂಥ ಕಡತವನ್ನು.

ನಮ್ಮ ಜಡ್ಡಿಯಲ್ಲಿ ಈಗ ಆಳದ ಕಾಲುವೆ ಇಲ್ಲ. ಗೇಣು ಆಳದ ಹರಣಿಯಲ್ಲಿ ಹೆಚ್ಚಾದ ನೀರಷ್ಟೇ ಹೋಗುತ್ತದೆ. ಮೇಲ್ತುದಿಯಲ್ಲಿ ಕೆಸು, ಅಂಚಿನಲ್ಲಿ ಕೇದಗೆ, ಕೆಳಗೆ ಮಳೆಗಾಲದ ಭತ್ತ. ಎತ್ತು ಇಳಿಯುವುದಿಲ್ಲ, ಟಿಲ್ಲರ್ ಹೂತುಹೋಗುತ್ತದೆ, ಆದ್ದರಿಂದ ಮೇಲ್ತುದಿಯ ಕೆಲಸವೆಲ್ಲ ಕೈಯದೇ. ಕೂಲಿ ಲೆಕ್ಕ ಹಾಕಿದರೆ ಲಾಭವಿಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಣ್ಣು ತುಂಬಿ ಸೈಟ್ ಮಾಡಿದರೆ ಎಷ್ಟು ಸಿಗುತ್ತದೆ ಎಂದು ಹೇಳಲು ಜನ ಮನೆಗೇ ಬರುತ್ತಾರೆ. ಕಾನೂನಾದರೂ ಅಡ್ಡ ಬರುತ್ತದೆಯೇ ಎಂದರೆ, 2017ರ ಜೌಗುಪ್ರದೇಶ ನಿಯಮಗಳು ಭತ್ತದ ಗದ್ದೆಯನ್ನು ಜೌಗಿನ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಇದೇ ಜಿಲ್ಲೆಯ ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು, ಸಂತೋಷ. ಗುಡ್ಡದ ಬುಡದ ಹತ್ತು ಗುಂಟೆ ಕಪ್ಪು ಕೆಸರು ಯಾವ ಪಟ್ಟಿಗೂ ಸೇರುವುದಿಲ್ಲ. ಪಹಣಿಯಲ್ಲಿ ಅದಕ್ಕಿರುವ ಹೆಸರು ‘ತರಿ’ ಅಷ್ಟೇ, ಭೂಪರಿವರ್ತನೆಗೆ ಅರ್ಜಿ ಹಾಕಿದರೆ ಅದೂ ಬದಲಾಗುತ್ತದೆ.