ಅಳತೆ ಒಂದೇ, ಆಸರೆ ಬೇರೆ: ಟೀಮ್ ಲೀಡರ್‌ಗೆ 7 ಸೂತ್ರಗಳು

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಮನೆ ‘ಗಂಗಾಲಹರಿ’ ಇದೆ. ಅವರ ಗುರುವಿನ ಹೆಸರು ಹೊತ್ತ ಸವಾಯಿ ಗಂಧರ್ವ ಸಭಾಭವನವೂ ಇದೇ ಬಡಾವಣೆಯಲ್ಲಿದೆ. ನೀವು ಟೀಮ್ ಲೀಡರ್ ಆಗಿದ್ದರೆ, ಅಥವಾ ಆಗಲು ಹೊರಟಿದ್ದರೆ, ನಿಮಗೆ ಬೇಕಾದ ಪಾಠ ಇಲ್ಲೇ ಸಿಗುತ್ತದೆ.

ಗಂಗೂಬಾಯಿ ಸಂಸಾರಸ್ಥೆ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳದಲ್ಲಿದ್ದ ಗುರುವಿನ ಮನೆಗೆ ಹೋಗಿ, ಪಾಠ ಮುಗಿಸಿ ಮನೆಗೆ ಮರಳುತ್ತಿದ್ದರು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ಭೀಮಸೇನ ಜೋಶಿ ಮನೆ ಬಿಟ್ಟು ಬಂದ ಹುಡುಗ. ಗುರುವಿನ ಮನೆಯಲ್ಲೇ ಉಳಿದು, ನೀರು ಹೊತ್ತು ಕಲಿತರು. ಇಬ್ಬರ ಪರಿಸ್ಥಿತಿ ಬೇರೆ, ಗುರು ಮಾಡಿಕೊಟ್ಟ ಅನುಕೂಲವೂ ಬೇರೆ. ಆದರೆ ಸ್ವರದಲ್ಲಿ ರಿಯಾಯಿತಿ ಯಾರಿಗೂ ಇರಲಿಲ್ಲ. ಹಿಡಿದ ಪಲುಕು ಸರಿಯಾಗಿ ಬರುವವರೆಗೆ ಮುಂದಿನದಕ್ಕೆ ದಾರಿ ಇಲ್ಲ. ಒಬ್ಬರಿಗೆ 2002ರಲ್ಲಿ ಪದ್ಮವಿಭೂಷಣ, ಇನ್ನೊಬ್ಬರಿಗೆ 2008ರಲ್ಲಿ ಭಾರತರತ್ನ.

ಅಳತೆ ಒಂದೇ, ಆಸರೆ ಬೇರೆ. ಅನುಕಂಪ ಮತ್ತು ಹೊಣೆಗಾರಿಕೆ ಎರಡನ್ನೂ ಕೂಡಿಸುವ ಗುಟ್ಟು ಇಷ್ಟೇ. ‘ಮೆತ್ತಗಾದರೆ ತಲೆ ಮೇಲೆ ಕೂರುತ್ತಾರೆ, ಬಿಗಿಯಾದರೆ ಬಿಟ್ಟುಹೋಗುತ್ತಾರೆ’ ಎಂಬ ಅನುಮಾನ ಬರೀ ಒಂದು ಅಭ್ಯಾಸ. ಈ 7 ಸೂತ್ರ ಹಿಡಿಯಿರಿ, ಆ ಅಭ್ಯಾಸ ತಾನಾಗಿ ಬಿಡುತ್ತದೆ.

1. ಅಳತೆಯನ್ನು ಮೊದಲೇ ಹೇಳಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೆ ಅಳತೆ ಮೊದಲೇ ಗೊತ್ತು: ಉದ್ದ–ಅಗಲ 3:2, ಚಕ್ರಕ್ಕೆ 24 ಕಡ್ಡಿಗಳು, ಎರಡೂ ಬದಿಯ ಚಕ್ರ ಒಂದಕ್ಕೊಂದು ಕೂಡಬೇಕು. ತಪ್ಪಿದರೆ ಬಾವುಟ ಪಾಸಾಗುವುದಿಲ್ಲ. ನೀವೂ ಹಾಗೇ ಹೇಳಿ. ‘ಆದಷ್ಟು ಬೇಗ ಕಳಿಸಿ’ ಬೇಡ. ‘ಶುಕ್ರವಾರ ಸಂಜೆ 4ಕ್ಕೆ, ಎಲ್ಲ ಕಾಲಂ ತುಂಬಿದ ಶೀಟ್ ಬೇಕು’ ಅನ್ನಿ. ಹೇಳದ ಅಳತೆಗೆ ಲೆಕ್ಕ ಕೇಳುವ ಹಕ್ಕು ನಿಮಗಿಲ್ಲ.

2. ಮೊದಲು ಕೇಳಿ, ಆಮೇಲೆ ಹೇಳಿ

ಬಿಲ್ಲಿಂಗ್ ನೋಡುವ ಹುಡುಗನ ಶೀಟಿನಲ್ಲಿ ಈ ವಾರ ಮೂರು ತಪ್ಪು ಅಂದುಕೊಳ್ಳಿ. ಎರಡು ವರ್ಷದಲ್ಲಿ ಹೀಗಾಗಿರಲಿಲ್ಲ. ಅವನನ್ನು ಟೇಬಲ್ಲಿಗೆ ಕರೆಸಬೇಡಿ, ಕೆಳಗೆ ಚಹಾಕ್ಕೆ ಕರೆದೊಯ್ಯಿರಿ. “ಯಾಕೋ ತಮ್ಮಾ, ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲೋ?” ಅಂತ ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಅರ್ಧ ಕಪ್ ಖಾಲಿಯಾಗುವ ಹೊತ್ತಿಗೆ ಉತ್ತರ ಬರುತ್ತದೆ: “ಅವ್ವನ್ನ ಕಿಮ್ಸ್‌ನ್ಯಾಗ ಅಡ್ಮಿಟ್ ಮಾಡೇವ್ರಿ ಸರ್. ರಾತ್ರಿ ಅಲ್ಲೇ ಇರ್ತೀನ್ರಿ.” ಕಾರಣ ಗೊತ್ತಿಲ್ಲದೆ ಕೊಟ್ಟ ಮೆಮೊ, ರೋಗ ನೋಡದೆ ಕೊಟ್ಟ ಔಷಧ.

3. ಆಸರೆ ಬದಲಿಸಿ, ಅಳತೆ ಬದಲಿಸಬೇಡಿ

ಇಲ್ಲಿಯೇ ಹೆಚ್ಚಿನ ಲೀಡರ್‌ಗಳು ಎಡವುತ್ತಾರೆ. ‘ಪಾಪ, ಹೋಗಲಿ ಬಿಡು’ ಎಂದು ತಪ್ಪು ಶೀಟನ್ನೇ ಮುಂದೆ ದೂಡುತ್ತಾರೆ. ಹಾಗೆ ಮಾಡಬೇಡಿ. ಹೀಗೆ ಹೇಳಿ: “ಈ ವಾರ ಹನ್ನೊಂದಕ್ಕ ಬಾ. ಅರ್ಧಾ ಕೆಲಸ ಬ್ಯಾರೆಯವ್ರಿಗೆ ಹಂಚತೀನಿ. ಉಳಿದ ಅರ್ಧಾ ಶುಕ್ರವಾರ ತಪ್ಪಿಲ್ಲದಂಗ ನನ್ನ ಕೈಗೆ ಬರಬೇಕು.” ಸಮಯ ಕೊಡಿ, ಜೊತೆಗಾರರನ್ನು ಕೊಡಿ, ಶಿಫ್ಟ್ ಬದಲಿಸಿ. ಗುಣಮಟ್ಟ ಮಾತ್ರ ಇಳಿಸಬೇಡಿ. ಅಳತೆ ಇಳಿಸಿದರೆ ‘ನಿನ್ನಿಂದ ಆಗಲ್ಲ’ ಎಂದು ಹೇಳಿದಂತೆ. ಪಕ್ಕದವರ ಮೇಲೆ ಸದ್ದಿಲ್ಲದೆ ಹೊರೆ ಬೀಳುತ್ತದೆ, ಅದು ಅವರಿಗೆ ಮಾಡಿದ ಅನ್ಯಾಯ.

4. ತಪ್ಪು ಒಪ್ಪಿಕೊಂಡವರಿಗೆ ಮೊದಲು ಥ್ಯಾಂಕ್ಸ್ ಹೇಳಿ

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸ್ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬಹುದೆಂದು ನಿರೀಕ್ಷಿಸಿದ್ದರು. ಲೆಕ್ಕ ತಿರುಗಿ ಬಂತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಆ ತಂಡದವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು, ಅದಕ್ಕೆ. ನಿಮ್ಮ ಟೀಮ್‌ನಲ್ಲಿ ಯಾರೂ ತಪ್ಪು ಹೇಳುತ್ತಿಲ್ಲ ಎಂದರೆ ಖುಷಿಪಡಬೇಡಿ, ಎಚ್ಚರಾಗಿ. ‘ಹೇಳಿದ್ದು ಒಳ್ಳೆಯದಾಯಿತು. ಈಗ ಹೇಗೆ ಸರಿಪಡಿಸುತ್ತೀರಿ?’ ಎಂದು ಕೇಳಿ. ಮೊದಲ ಮಾತು ಧೈರ್ಯ ಕೊಡುತ್ತದೆ, ಎರಡನೆಯದು ಹೊಣೆ ಹೊರಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಬೇಡಿ.

5. ಹೊರಗೆ ಎದೆಕೊಡಿ, ಒಳಗೆ ಲೆಕ್ಕ ಕೇಳಿ

1979ರ ಆಗಸ್ಟ್ 10. ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ–3 ಸಮುದ್ರಕ್ಕೆ ಬಿತ್ತು. ಯೋಜನೆಯ ಮುಖ್ಯಸ್ಥ ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ನಿಂತು ಸೋಲಿನ ಹೊಣೆ ಹೊತ್ತವರು ಇಸ್ರೊ ಅಧ್ಯಕ್ಷ ಸತೀಶ್ ಧವನ್. ಹಾಗೆಂದು ಒಳಗೆ ಕಡತ ಮುಚ್ಚಲಿಲ್ಲ. ವಿಫಲತೆಯನ್ನು ಹಂತಹಂತವಾಗಿ ಪರಿಶೀಲಿಸಿ, ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿದ್ದ ದೋಷ ಹುಡುಕಿ ಸರಿಪಡಿಸಿದರು. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಅಂದು ಪತ್ರಕರ್ತರ ಜೊತೆ ಮಾತನಾಡಲು ಧವನ್ ಕಲಾಂ ಅವರನ್ನೇ ಕಳಿಸಿದರು. ನೀವೂ ಕ್ಲೈಂಟ್ ಮುಂದೆ ‘ತಪ್ಪು ನಮ್ಮದು’ ಅನ್ನಿ, ಹೆಸರು ಹೇಳಬೇಡಿ. ಕ್ಲೈಂಟ್ ಹೋದ ಮೇಲೆ ‘ಎಲ್ಲಿ ತಪ್ಪಿತು?’ ಎಂದು ಕೂತು ಕೇಳಿ. ಕಾಪಾಡಿದ ಲೀಡರ್ ಕೇಳುವ ಪ್ರಶ್ನೆಗೆ ಟೀಮ್ ನಿಜ ಹೇಳುತ್ತದೆ.

6. ಕಠಿಣ ಮಾತನ್ನು ಬೇಗ ಹೇಳಿ, ಒಬ್ಬರಿಗೇ ಹೇಳಿ

ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬೈಯಬೇಡಿ. ಅಪ್ರೈಸಲ್‌ವರೆಗೆ ಕೂಡಿಡಲೂ ಬೇಡಿ. ಅಂದಿನ ಮಾತು ಅಂದೇ ಮುಗಿಯಲಿ. ‘ನೀನು ಬೇಜವಾಬ್ದಾರಿ’ ಎಂದರೆ ಸ್ವಭಾವಕ್ಕೆ ಪೆಟ್ಟು. ‘ಮಂಗಳವಾರದ ರಿಪೋರ್ಟ್ ಗುರುವಾರ ಬಂತು, ಸ್ಟೋರ್‌ನವರು ಎರಡು ದಿನ ಕಾದರು’ ಎಂದರೆ ಕೆಲಸದ ಮಾತು. ಸ್ವಭಾವವನ್ನು ಯಾರೂ ನಾಳೆಗೆ ಬದಲಿಸಲಾರರು. ರಿಪೋರ್ಟನ್ನು ನಾಳೆಯೇ ಬೇಗ ಕಳಿಸಬಹುದು.

7. ಬರೆದಿಡಿ, ನಿಮ್ಮ ಹೆಸರೂ ಸೇರಿಸಿ

ಒಂದು ಡೈರಿ ಇಡಿ. ಪುಟಕ್ಕೆ ಮೂರು ಗೆರೆ ಎಳೆಯಿರಿ: ಯಾರು, ಏನು, ಯಾವತ್ತಿಗೆ. ನಾಲ್ಕನೆಯ ಕಾಲಂ ನಿಮ್ಮದು: ‘ನಾನು ಕೊಟ್ಟ ಮಾತು’. ಹೊಸ ಲ್ಯಾಪ್‌ಟಾಪ್ ಕೊಡಿಸುತ್ತೇನೆ ಅಂದಿದ್ದೀರಾ? ಬರೆಯಿರಿ. ಪ್ರತಿ ಸೋಮವಾರ ಅದೇ ಕಾಲಂನಿಂದ ಓದಲು ಶುರುಮಾಡಿ. ತಮ್ಮ ಲೆಕ್ಕ ಮೊದಲು ಕೊಡುವವರು ಕೇಳಿದಾಗ ಯಾರೂ ಮುಖ ತಿರುಗಿಸುವುದಿಲ್ಲ. ಆಸರೆ ಕೊಟ್ಟ ಮೇಲೂ ಅದೇ ತಪ್ಪು ಮೂರನೇ ಸಲ ಬಂದರೆ, ಪರಿಣಾಮವನ್ನು ಸ್ಪಷ್ಟವಾಗಿ ಹೇಳಿ, ಹೇಳಿದಂತೆ ನಡೆಯಿರಿ. ಆ ಹೊತ್ತಿನಲ್ಲಿ ಹಿಂಜರಿದರೆ, ಸರಿಯಾಗಿ ದುಡಿಯುವ ಉಳಿದವರಿಗೆ ಮೋಸ ಮಾಡಿದಂತೆ.

ಈಗ ಕುಂದಗೋಳದ ರೈಲನ್ನು ಮತ್ತೆ ನೆನಪಿಸಿಕೊಳ್ಳಿ. ಒಂದೇ ಸ್ವರಗುಚ್ಛವನ್ನು ನೂರಾರು ಸಲ ಹಾಡಿಸುವ ಗುರುವಿನ ಬಳಿಗೆ ಗಂಗೂಬಾಯಿ ಮತ್ತೆ ಮತ್ತೆ ಹೋದರು. ಆ ಬಿಗಿಯಲ್ಲೇ ‘ನಿನ್ನಿಂದ ಆಗುತ್ತದೆ’ ಎಂಬ ನಂಬಿಕೆ ಇತ್ತು. ನಿಮ್ಮ ಟೀಮ್‌ಗೂ ಆ ನಂಬಿಕೆ ಬೇಕು. ನಾಳೆ ಬೆಳಗ್ಗೆ ಆಫೀಸಿಗೆ ಹೋದ ಕೂಡಲೇ, ಈ ವಾರ ಹಿಂದೆ ಬಿದ್ದಿರುವ ಒಬ್ಬರನ್ನು ಚಹಾಕ್ಕೆ ಕರೆಯಿರಿ. ಅವರ ಮಾತು ಪೂರ್ತಿ ಕೇಳಿ. ಏನು ಸಹಾಯ ಬೇಕೋ ಕೊಡಿ. ಏಳುವ ಮುಂಚೆ ಒಂದು ದಿನಾಂಕ ಗೊತ್ತುಮಾಡಿಕೊಂಡೇ ಏಳಿ.