ಬೆಟ್ಟದ ಹಾದಿಯಲ್ಲಿ ಮುಂದಿನವಳೂ ಹಿಂದಿನವಳೂ



ಈ ಸಂಚಿಕೆಗೆ ಶಿಷ್ಟಾಚಾರದ ವಿಷಯವಾಗಿ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೇಳಿದಾಗ, ಊಟದ ಪಂಕ್ತಿ, ಅತಿಥಿಸತ್ಕಾರ ಮೊದಲಾದ ರೂಢಿಯ ವಿಷಯಗಳನ್ನು ಬಿಟ್ಟು ನಾನು ಬೆಟ್ಟದ ಬೈಸಿಕಲ್ ಸವಾರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಕ್ಯಾಲಿಫೋರ್ನಿಯದಲ್ಲಿ ಸಂಸಾರ ಹೂಡಿದ್ದಾರೆ. ಅವರಲ್ಲೊಬ್ಬಳ ಮಗಳು ಅಲ್ಲಿಯ ಹೈಸ್ಕೂಲಿನ ಬೈಸಿಕಲ್ ತಂಡಕ್ಕೆ ಸೇರಿದವಳು, ಎರಡು ತಿಂಗಳಾಗುವಷ್ಟರಲ್ಲಿ ಬಿಟ್ಟುಬಿಡುತ್ತೇನೆಂದು ಹಟ ಹಿಡಿದಳಂತೆ. ಬಿದ್ದು ಗಾಯವಾಯಿತೆಂದಲ್ಲ, ತಾನು ಮೆಲ್ಲನೆ ಹೋಗುವವಳು, ಎಲ್ಲರಿಗೂ ಅಡ್ಡವಾಗಿದ್ದೇನೆ ಎಂಬದೇ ಅವಳ ದುಃಖ. ಅವಳಿಗೆ ಏನು ಹೇಳಲಿ ಎಂದು ತಾಯಿ ಕೇಳಿದ್ದಳು. ಆ ಉತ್ತರವನ್ನೇ ವಿಸ್ತರಿಸಿ ಇಲ್ಲಿ ಕೊಡುತ್ತೇನೆ. ಯಾಕಂದರೆ ತಾನು ಅಡ್ಡವೆಂದು ಎಣಿಸಿಕೊಂಡು ಹಿಂಜರಿಯುವ ಹುಡುಗಿಯರು ಬೆಟ್ಟದ ಮೇಲೆ ಮಾತ್ರ ಇರುವವರಲ್ಲ.

ಮೊದಲು ಆ ಹಾದಿ ಎಂಥದೆಂಬದನ್ನು ತಿಳಿಯಬೇಕು. ಸಾನ್ ಫ್ರಾನ್ಸಿಸ್ಕೋ ಪಟ್ಟಣದ ಉತ್ತರಕ್ಕೆ, ಕೊಲ್ಲಿಯ ಬಾಯನ್ನು ದಾಟಿದ ಕೂಡಲೆ, ಮರಿನ್ ಎಂಬ ಸೀಮೆಯುಂಟು. ಅಲ್ಲಿ ಸುಮಾರು 2,570 ಅಡಿ ಎತ್ತರದ ತಮಾಲ್ಪಾಯಸ್ ಬೆಟ್ಟವಿದೆ. 1970ರ ದಶಕದಲ್ಲಿ ಕೆಲವು ತರುಣರು ದಪ್ಪ ಟೈರುಗಳುಳ್ಳ ಹಳೆಯ ಬೈಸಿಕಲ್ಲುಗಳನ್ನು ಹುಡುಕಿ ತಂದು, ಈ ಬೆಟ್ಟದ ಸುತ್ತಮುತ್ತಲಿನ ಮಣ್ಣುದಾರಿಗಳಲ್ಲಿ ಇಳಿಯಲಾರಂಭಿಸಿದರು. 1976ನೇ ಅಕ್ಟೋಬರ 21ರಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿಯಲ್ಲಿ ಗಡಿಯಾರ ಹಿಡಿದು ಮೊದಲನೆಯ ಪಂದ್ಯ ನಡೆಯಿತು. ಎರಡು ಮೈಲಿಗಳೊಳಗೆ ಸುಮಾರು 1,300 ಅಡಿಗಳ ಇಳಿತ. ಹಿಂದಿನ ಚಕ್ರದೊಳಗಿನ ಬ್ರೇಕು ಕಾದು, ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿದ್ದದರಿಂದ ಪ್ರತಿ ಸಲವೂ ಹೊಸ ಗ್ರೀಸನ್ನು ತುಂಬಬೇಕಾಗುತ್ತಿತ್ತು. ಆದದರಿಂದಲೇ ಆ ದಾರಿಗೆ ತಿರುಗಿ ತುಂಬುವದೆಂಬ ಅರ್ಥದ "ರೀಪ್ಯಾಕ್" ಎಂಬ ಹೆಸರಾಯಿತು.

ಆಟವು ಬಹು ಬೇಗನೆ ಹಬ್ಬಿತು. ಆದರೆ ಆ ಬೆಟ್ಟಗಳು ಬರಿದಾಗಿ ಬಿದ್ದಿದ್ದವಲ್ಲ. ಕಾಲ್ನಡೆಯವರೂ ಕುದುರೆಯ ಸವಾರರೂ ಅಲ್ಲಿ ಬಹು ಕಾಲದಿಂದ ತಿರುಗಾಡುತ್ತಿದ್ದರು. ತಿರುವಿನಲ್ಲಿ ಸದ್ದಿಲ್ಲದೆ ಧುತ್ತೆಂದು ಎದುರಾಗುವ ಬೈಸಿಕಲ್ಲನ್ನು ಕಂಡು ಅವರು ಬೆದರಿ, ದೂರು ಕೊಟ್ಟರು. ಕಾವಲುಗಾರರು ವೇಗವನ್ನಳೆಯುವ ಯಂತ್ರವನ್ನು ಹಿಡಿದು ನಿಲ್ಲುವ ಹಾಗಾಯಿತು. 1980ರ ದಶಕದಲ್ಲಿ ಅಲ್ಲಿಯ ಅನೇಕ ಕಿರುಹಾದಿಗಳು ಬೈಸಿಕಲ್ಲುಗಳಿಗೆ ಮುಚ್ಚಲ್ಪಟ್ಟವು. ಕೆಲವರ ಅವಸರಕ್ಕಾಗಿ ಎಲ್ಲರೂ ಹಾದಿಯನ್ನು ಕಳೆದುಕೊಂಡರೆಂದು ಹೇಳಿದರೆ ಅತಿಯಾಗದು. ಇಂಥ ಮುಚ್ಚುಗಡೆಗಳಿಂದ ಎಚ್ಚತ್ತ ಕ್ಯಾಲಿಫೋರ್ನಿಯದ ಸವಾರ ಸಂಘಗಳವರು 1988ರಲ್ಲಿ ಒಟ್ಟುಗೂಡಿ ಅಂತರರಾಷ್ಟ್ರೀಯ ಸಂಘವೊಂದನ್ನು ಸ್ಥಾಪಿಸಿದರು. ಇಂದು ಅನೇಕ ಕಡೆಗಳಲ್ಲಿ ಹಾದಿಯ ನಿಯಮಗಳೆಂದು ಹೇಳುವವುಗಳನ್ನು ಪ್ರಚಾರಕ್ಕೆ ತಂದವರು ಅವರೇ.

ಆ ನಿಯಮಗಳಲ್ಲಿ ಮುಖ್ಯವಾದದ್ದು ಇಷ್ಟೇ. ಬೈಸಿಕಲ್ಲಿನವರು ಕಾಲ್ನಡೆಯವರಿಗೂ ಕುದುರೆಗಳಿಗೂ ದಾರಿ ಬಿಡತಕ್ಕದ್ದು. ಬೈಸಿಕಲ್ಲಿನವರೇ ಎದುರುಬದುರಾದರೆ ಇಳಿಯುವವರು ಹತ್ತುವವರಿಗೆ ದಾರಿ ಬಿಡತಕ್ಕದ್ದು. ಇಳಿಯುವದಕ್ಕೆಂದೇ ಗುರುತು ಹಾಕಿದ ಹಾದಿಗಳ ಮಾತು ಬೇರೆ. ಈ ಎರಡನೆಯ ನಿಯಮವನ್ನು ಕೇಳಿದ ಕೆಲವು ಹುಡುಗಿಯರು, ವೇಗವಾಗಿ ಬರುವವಳಿಗೆ ನಿಲ್ಲುವದು ಕಷ್ಟವಲ್ಲವೇ, ಮೆಲ್ಲನೆ ಹತ್ತುವವಳೇ ಸರಿಯಬಾರದೇ ಎಂದು ಕೇಳುವದುಂಟು. ಉತ್ತರವು ಬೈಸಿಕಲ್ಲಿನ ಸ್ವಭಾವದಲ್ಲಿಯೇ ಇದೆ. ಬೈಸಿಕಲ್ಲು ಚಲಿಸುತ್ತಿರುವ ವರೆಗೆ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಕಡಿದಾದ ಏರಿನಲ್ಲಿ ಕಾಲು ನೆಲಕ್ಕೆ ತಗಲಿತೋ, ತಿರುಗಿ ಹೊರಡುವದು ಬಹು ಪ್ರಯಾಸ: ಹಿಂದಿನ ಚಕ್ರವು ಸಡಿಲಾದ ಮಣ್ಣಿನಲ್ಲಿ ಜಾರುವದು, ಇಲ್ಲವೆ ಮುಂದಿನ ಚಕ್ರವು ಮೇಲಕ್ಕೇಳುವದು. ಇಳಿಯುವವಳಾದರೋ ನಿಂತರೂ ಬ್ರೇಕನ್ನು ಬಿಟ್ಟರಾಯಿತು, ಬೆಟ್ಟವೇ ಅವಳನ್ನು ಮುಂದಕ್ಕೆ ಒಯ್ಯುವದು. ನಿಂತರೆ ಯಾರಿಗೆ ನಷ್ಟ ಕಡಿಮೆಯೋ ಅವರೇ ನಿಲ್ಲುವದು ನ್ಯಾಯ. ಚಾರ್ಮಾಡಿ, ಆಗುಂಬೆ ಘಟ್ಟಗಳಲ್ಲಿ ಪ್ರಯಾಣ ಮಾಡಿದ ತಂದೆಗಳಿಗೆ ಇದು ಹೊಸತಲ್ಲ. ದಾರಿ ಸಾಲದ ಕಡೆ ಘಟ್ಟ ಇಳಿಯುವ ವಾಹನವು ಏರುವ ವಾಹನಕ್ಕೆ ಎಡೆಗೊಡಬೇಕೆಂಬದು ನಮ್ಮ ದೇಶದ 1989ರ ರಸ್ತೆ ನಿಯಮಾವಳಿಯಲ್ಲಿಯೂ ಇತ್ತು. ಹತ್ತುವವಳು ಕೊಂಚ ಉಸಿರು ತಿರುಗಿಸಿಕೊಳ್ಳೋಣವೆಂದು ತಾನೇ ನಿಂತು, ಇಳಿಯುವವಳಿಗೆ ಕೈಸನ್ನೆ ಮಾಡಿದರೆ ಅದು ಅವಳ ಔದಾರ್ಯ. ಕೇಳಿ ಪಡೆಯುವ ಹಕ್ಕಲ್ಲ.

ಇನ್ನು ವೇಗದ ಲೆಕ್ಕ. ಮರಿನ್ ಸೀಮೆಯಲ್ಲಿ ನೀರಿನ ಇಲಾಖೆಯವರ ಬೆಟ್ಟಗಳ ಮೇಲೆ ಬೈಸಿಕಲ್ಲಿಗೆ ಗಂಟೆಗೆ 15 ಮೈಲಿ ಮಿತಿಯೆಂದೂ, ಮರೆಯಾದ ತಿರುವಿನಲ್ಲಿಯೂ ಇತರರನ್ನು ದಾಟುವಾಗಲೂ 5 ಮೈಲಿಯೆಂದೂ ಗೊತ್ತುಮಾಡಿದ್ದಾರೆ. ಇದನ್ನು ಮನೆಯಲ್ಲಿ ಮಕ್ಕಳಿಂದ ಲೆಕ್ಕ ಮಾಡಿಸಿ ನೋಡಿರಿ. 15 ಮೈಲಿಯೆಂದರೆ ಸೆಕೆಂಡಿಗೆ 22 ಅಡಿ. ಅದೇ ವೇಗದಲ್ಲಿ ಇಬ್ಬರು ಎದುರುಬದುರು ಬಂದರೆ, ಅವರ ನಡುವಣ ಅಂತರವು ಒಂದು ಸೆಕೆಂಡಿನಲ್ಲಿ 44 ಅಡಿ ಕರಗುವದು. ಕಣ್ಣು ಕಂಡದ್ದನ್ನು ಕೈ ಬ್ರೇಕಿಗೆ ಮುಟ್ಟಿಸುವದರೊಳಗೆ ಹೆಚ್ಚು ಕಡಿಮೆ ಅಷ್ಟು ಹೊತ್ತು ಹೋಗಿಬಿಡುತ್ತದೆ. ಬ್ರೇಕು ಹಿಡಿದ ಮೇಲೆ ಬೇಕಾಗುವ ದೂರವು ವೇಗದ ವರ್ಗದಂತೆ ಬೆಳೆಯುವದರಿಂದ, 5 ಮೈಲಿಯ ವೇಗದಲ್ಲಿ ಒಂದು ಮಾರಿನಲ್ಲಿ ನಿಲ್ಲುವ ಬೈಸಿಕಲ್ಲಿಗೆ 15 ಮೈಲಿಯ ವೇಗದಲ್ಲಿ ಒಂಬತ್ತು ಮಾರು ಬೇಕು. ಆ ಎರಡು ಸಂಖ್ಯೆಗಳನ್ನು ಇಟ್ಟವರು ಹುಡುಗಾಟಕ್ಕೆ ಇಟ್ಟವರಲ್ಲ.

ಎದುರಾಗುವದಕ್ಕಿಂತಲೂ ಹಿಂದಿನಿಂದ ಬಂದು ದಾಟುವದರಲ್ಲಿಯೇ ಮನಸ್ತಾಪ ಹೆಚ್ಚು. ನಮ್ಮ ಹುಡುಗಿಯ ಕಷ್ಟವೂ ಅದೇ. ಇಲ್ಲಿ ಹೊಣೆ ಯಾರದು? ಹಿಂದಿನವಳದೇ ಎಂದು ನಾನು ಸಂಶಯವಿಲ್ಲದೆ ಹೇಳುವೆನು. ಮುಂದಿನವಳಿಗೆ ಬೆನ್ನಿನಲ್ಲಿ ಕಣ್ಣಿಲ್ಲ. ಹಿಂದಿನವಳಿಗೆ ಎಲ್ಲವೂ ಕಾಣುತ್ತದೆ, ಬ್ರೇಕು ಅವಳ ಕೈಯಲ್ಲಿದೆ. ಅವಳು ಸಾಕಷ್ಟು ದೂರದಿಂದಲೇ ಗಂಟೆಯನ್ನು ಬಾರಿಸಬೇಕು, ಇಲ್ಲವೆ ಸಮಾಧಾನದ ಧ್ವನಿಯಿಂದ "ಹಿಂದೆ ಒಬ್ಬಳಿದ್ದೇನೆ, ನಿಮಗೆ ಅನುಕೂಲವಾದಾಗ ದಾರಿ ಕೊಡಿರಿ" ಎಂದು ತಿಳಿಸಬೇಕು. ಹತ್ತಿರ ಬಂದು ಕೂಗಿದರೆ ಫಲವೇನು? ಹೊಸದಾಗಿ ಕಲಿತವಳು ಬೆಚ್ಚಿ ತಲೆ ತಿರುಗಿಸುವಳು, ತಲೆ ತಿರುಗಿದ ಕಡೆಗೆ ಕೈಯೂ ಚಕ್ರವೂ ತಿರುಗುವವು, ಇಬ್ಬರೂ ಬೀಳುವರು. ತಿಳಿಸಿದ ಮೇಲೆ, ಮುಂದಿನ ಚಕ್ರಕ್ಕೆ ತನ್ನ ಚಕ್ರವನ್ನು ತಗಲಿಸುವಂತೆ ಹತ್ತಿ ಬರದೆ, ಎರಡು ಮೂರು ಬೈಸಿಕಲ್ಲುಗಳಷ್ಟು ಎಡೆ ಬಿಟ್ಟು ಕಾಯಬೇಕು. ದಾಟುವಾಗ ಯಾವ ಮಗ್ಗುಲಿನಿಂದ ಬರುವೆನೆಂದೂ, ತನ್ನ ಹಿಂದೆ ಇನ್ನೆಷ್ಟು ಮಂದಿ ಇದ್ದಾರೆಂದೂ ಹೇಳಿ, ಉಪಕಾರವನ್ನು ಸ್ಮರಿಸಿ ಹೋಗಬೇಕು. (ಅಮೇರಿಕದಲ್ಲಿ ಬಲಕ್ಕೆ ಹೋಗಿ ಎಡಗಡೆಯಿಂದ ದಾಟುವರು, ನಮ್ಮ ರೂಢಿಗೆ ಇದು ತಿರುಗುಮುರುಗು.)

ಮುಂದಿನವಳಿಗೆ ಕರ್ತವ್ಯವೇ ಇಲ್ಲವೆಂದಲ್ಲ. ಎರಡು ಕಿವಿಗಳಿಗೂ ಸಂಗೀತವನ್ನು ತುರುಕಿಕೊಂಡು ಹೋಗುವವಳು ಯಾರ ಗಂಟೆಯನ್ನು ಕೇಳಾಳು? ದಾಟಲು ಎಡೆಯಿರುವ ಜಾಗವು ಬಂದಾಗಲೂ ಬಿಡದೆ ಮುಂದೊತ್ತುವದೂ ಸಲ್ಲದು. ಆದರೆ ಆ ಜಾಗವನ್ನು ಆರಿಸತಕ್ಕವಳು ಮುಂದಿನವಳು, ಒತ್ತಾಯಪಡಿಸತಕ್ಕವಳು ಹಿಂದಿನವಳಲ್ಲ. ಅಲ್ಲಿಯ ವರೆಗೆ ಅವಳು ಗಾಬರಿಯಾಗದೆ ನೆಟ್ಟಗೆ ಹೋಗುತ್ತಿರಲಿ. ಗಾಬರಿಯಿಂದ ಪೊದೆಗಳೊಳಗೆ ಬೈಸಿಕಲ್ಲನ್ನು ನುಗ್ಗಿಸಬಾರದು. ಹಾಗೆ ಪಕ್ಕಕ್ಕೆ ನುಗ್ಗಿದ ಚಕ್ರಗಳಿಂದಲೇ ಕಿರುಹಾದಿಗಳು ವರ್ಷವರ್ಷಕ್ಕೂ ಅಗಲವಾಗಿ, ಗಿಡಗಳು ಸತ್ತು, ಮಳೆಯಲ್ಲಿ ಮಣ್ಣು ಕೊಚ್ಚಿ ಹೋಗುವದು. ನಿಂತು, ಒಂದು ಕಾಲನ್ನು ಅಂಚಿನಲ್ಲಿಟ್ಟು, ಬೈಸಿಕಲ್ಲನ್ನು ಕೊಂಚ ವಾಲಿಸಿಕೊಂಡರೆ ಸಾಕು.

ಮತ್ತೊಂದು ಮಾತನ್ನು ಒತ್ತಿ ಹೇಳುತ್ತೇನೆ. ದಾರಿ ಕೊಡುವಾಗ "ಕ್ಷಮಿಸಿರಿ" ಎನ್ನಬೇಡಿರಿ. ತಪ್ಪು ಮಾಡಿದವಳು ಕ್ಷಮೆ ಬೇಡಲಿ. ಮೆಲ್ಲನೆ ಹೋಗುವದು ತಪ್ಪಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಬಾಗಿಲಲ್ಲಿ ನಿಂತರೂ, ಬಸ್ಸಿನಲ್ಲಿ ಕುಳಿತರೂ ಕ್ಷಮೆ ಕೇಳುವ ಅಭ್ಯಾಸವನ್ನು ಯಾರು ಮಾಡಿಸಿದರೋ ನಾನರಿಯೆ. ಅದನ್ನು ವಿನಯವೆಂದು ಹೊಗಳಲಾರೆನು. "ಬನ್ನಿರಿ, ದಾರಿಯಿದೆ" ಎಂದರೆ ವಿನಯಕ್ಕೂ ಕುಂದಿಲ್ಲ, ಮಾನಕ್ಕೂ ಕುಂದಿಲ್ಲ. ಇದೇ ಮರಿನ್ ಸೀಮೆಯ ಜಾಕೀ ಫೀಲನ್ ಎಂಬಾಕೆ 1980ರ ದಶಕದಲ್ಲಿ ಮೂರು ಬಾರಿ ದೇಶಕ್ಕೇ ಮೊದಲಿಗಳಾದವಳು. ಆಕೆ ಹೆಂಗಸರಿಗಾಗಿ ಸ್ಥಾಪಿಸಿದ ಸಂಘಕ್ಕೆ ಬೆಟ್ಟದ ಬೈಸಿಕಲ್ಲಿನ ಜೊತೆಗೆ ಚಹದ ಹೆಸರನ್ನೂ ಸೇರಿಸಿದಳು! ಅಷ್ಟು ವೇಗದ ಸವಾರಳೇ ಹೊಸಬರಿಗಾಗಿ ನಿಂತು ಕಲಿಸಿದಳೆಂಬದನ್ನು ವೇಗದ ಹುಡುಗಿಯರು ನೆನಸಿಕೊಳ್ಳಲಿ.

ಅವರಿಗೆ ಈಗ ಬೇರೊಂದು ಶೋಧನೆಯೂ ಬಂದಿದೆ. 2009ರಲ್ಲಿ ಹೊರಟ ಸ್ಟ್ರಾವಾ ಎಂಬ ಸಾಧನದಿಂದ ಪ್ರತಿಯೊಂದು ಏರಿಳಿತಕ್ಕೂ ತೆಗೆದುಕೊಂಡ ಹೊತ್ತನ್ನು ಫೋನೇ ಬರೆದಿಡುತ್ತದೆ. ಎಲ್ಲರಿಗಿಂತ ಬೇಗ ಮುಗಿಸಿದ ಹೆಂಗಸು ಬೆಟ್ಟದ ರಾಣಿ. ಗಡಿಯಾರದಲ್ಲಿ ದೋಷವಿಲ್ಲ. ಆದರೆ ಹಾದಿಯಲ್ಲಿ ಅಜ್ಜಿಮೊಮ್ಮಕ್ಕಳು ನಡೆಯುವ ಭಾನುವಾರದ ಬೆಳಿಗ್ಗೆ ರಾಣಿಯಾಗಹೊರಡುವದು ಅವಿವೇಕ. ಅಂಥ ಆಶೆಗೆ ಪಂದ್ಯದ ಬಯಲುಂಟು.

ಕುದುರೆ ಎದುರಾದಾಗ ಮಾಡತಕ್ಕದ್ದು ಬೇರೆ. ಅಲ್ಲಿ ಗಂಟೆಗಿಂತ ಮನುಷ್ಯಧ್ವನಿಯೇ ಲೇಸು. ದೂರದಲ್ಲಿಯೇ ನಿಂತು, ಸವಾರರನ್ನು ಮಾತಾಡಿಸಿ, ಹಾದಿಯ ಕೆಳಮಗ್ಗುಲಿಗೆ ಇಳಿದು ನಿಲ್ಲಬೇಕು. ತನಗಿಂತ ಮೇಲೆ ನಿಂತದ್ದನ್ನು ಕುದುರೆಯು ಬೇಟೆಯ ಮೃಗವೆಂದು ಭಯಪಡುವದು. ಮಾತು ಕೇಳಿದರೆ, ಹೆಲ್ಮೆಟ್ಟಿನೊಳಗೆ ಇರುವದು ಮನುಷ್ಯನೇ ಎಂದು ಅದಕ್ಕೆ ಗೊತ್ತಾಗುವದು.

ಕಡೆಯದಾಗಿ ಶಾಲೆಯ ತಂಡಗಳ ವಿಷಯ. ಬರ್ಕ್ಲಿ ಹೈಸ್ಕೂಲಿನ ಗಣಿತದ ಉಪಾಧ್ಯಾಯರೊಬ್ಬರ ಪ್ರಯತ್ನದಿಂದ 2001ರಲ್ಲಿ ಉತ್ತರ ಕ್ಯಾಲಿಫೋರ್ನಿಯದ ಶಾಲೆಗಳ ಕೂಟವೂ, 2009ರಲ್ಲಿ ದೇಶದ ಕೂಟವೂ ಹುಟ್ಟಿದವು. ಆ ಕೂಟದಲ್ಲಿ ಯಾರನ್ನೂ ಬದಿಯ ಬೆಂಚಿನ ಮೇಲೆ ಕೂರಿಸುವದಿಲ್ಲ, ಸೇರಿದವರೆಲ್ಲರೂ ಪಂದ್ಯಕ್ಕಿಳಿಯುವರು. ಇದು ನನಗೆ ಬಹಳ ಮೆಚ್ಚಿಕೆಯಾಯಿತು. ಅಭ್ಯಾಸಕ್ಕೆ ಹೊರಟಾಗ ಹಿರಿಯರೊಬ್ಬರು ಮುಂದೆಯೂ ಮತ್ತೊಬ್ಬರು ಎಲ್ಲರ ಹಿಂದೆಯೂ ಇರುವರು. ದಾರಿ ಕವಲೊಡೆಯುವಲ್ಲಿ ಮುಂದಿನವರು ನಿಂತು ಕಾಯುವರು. ಒಳ್ಳೆಯದೇ, ಆದರೆ ಅಲ್ಲಿ ಒಂದು ಸೂಕ್ಷ್ಮವುಂಟು. ಹತ್ತು ನಿಮಿಷ ವಿಶ್ರಮಿಸಿಕೊಂಡ ಮುಂದಿನವರು ಕಡೆಯವಳ ಮುಖ ಕಂಡ ಕ್ಷಣವೇ ಹೊರಟುಬಿಟ್ಟರೆ, ಎಲ್ಲರಿಗಿಂತ ಹೆಚ್ಚು ದಣಿದವಳಿಗೇ ವಿಶ್ರಾಂತಿಯಿಲ್ಲದೆ ಹೋಗುವದು. ಅವಳು ಬಂದು ಮುಟ್ಟಿ, ಇಳಿದು, ನೀರು ಕುಡಿದು, ಉಸಿರು ತಿರುಗಿದ ಮೇಲೆ, "ಹೊರಡೋಣ" ಎಂಬ ಮಾತನ್ನು ಅವಳ ಬಾಯಿಂದಲೇ ಹೇಳಿಸತಕ್ಕದ್ದು.