ಕಸದ ಮೇಲ್‌ಗೆ ಉತ್ತರ ಬೇಡ

ಬಿಳಿಗೆರೆ ಊರಿನವರೇ, ಫೋನಿನ ಜೊತೆಗೇ ಜಿಮೇಲ್ ಖಾತೆಯೂ ಮನೆಗೆ ಬಂತು. ಅದಕ್ಕೆ ಕಾಸು ಕೊಡಬೇಕಿಲ್ಲ ನಿಜ, ಕಸ ಮಾತ್ರ ತಪ್ಪುವುದಿಲ್ಲ. ಲಾಟರಿ ಹೊಡೆದಿದೆ, ಸಾಲ ಮಂಜೂರಾಗಿದೆ ಎಂಬ ಮೇಲ್ ಕಂಡು ಸಿಟ್ಟಿನಲ್ಲಿ ‘ಕಳಿಸಬೇಡಿ’ ಎಂದು ಉತ್ತರ ಬರೆಯಲು ಹೋಗಬೇಡಿ. ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ನೀವೇ ತಿಳಿಸಿದ ಹಾಗಾಗುತ್ತದೆ. ಸ್ಪ್ಯಾಮ್ ಎಂದು ಗುರುತು ಹಾಕಿ ಸುಮ್ಮನಿರಿ. 30 ದಿನ ಕಳೆದರೆ ತಾನೇ ಅಳಿಯುತ್ತದೆ. ಆಗಾಗ ಆ ಸ್ಪ್ಯಾಮ್ ಪೆಟ್ಟಿಗೆಯನ್ನೂ ಇಣುಕಿ ನೋಡಿ, ಮಗಳ ಕಾಲೇಜಿನ ಪತ್ರ ಅಲ್ಲಿ ಬಿದ್ದಿರಬಹುದು.

ತಿಪಟೂರಿನಲ್ಲಿ ಕೊಬ್ಬರಿ ಮಾರಿದ ದುಡ್ಡು ಬ್ಯಾಂಕಿನಲ್ಲಿರುವಾಗ ‘ಖಾತೆ ನಿಲ್ಲುತ್ತದೆ, ಇಲ್ಲಿ ಒತ್ತಿ’ ಎಂದು ಬಂದರೆ ಒತ್ತಲೇಬೇಡಿ. ಬ್ಯಾಂಕಿಗೇ ಹೋಗಿ ಕೇಳಿ. ಒಟಿಪಿ ಕೊಟ್ಟು ದುಡ್ಡು ಹೋಗಿದ್ದರೆ ನಾಚಿಕೆ ಬಿಟ್ಟು ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.